ಲಿಂಡ್ಸೆ ನೋಸ್ಕೆಯ ಎಣ್ಣೆ ಡಬ್ಬಿ

ಲಿಂಡ್ಸೆ ನೋಸ್ಕೆ ಕೂತದ್ದನ್ನು ಕಂಡವರು ಪೋರ್ಟ್ ಅಗಸ್ಟಾದಲ್ಲಿ ಕಡಿಮೆ. ಕಂಡಿದ್ದೇವೆ ಎನ್ನುವವರನ್ನು ಸ್ವಲ್ಪ ಕೆದಕಿದರೆ, ಅವನು ಕೂತದ್ದು ಯಾವುದೋ ಗಾಡಿಯ ಸ್ಟಿಯರಿಂಗ್ ಹಿಂದೆ ಎಂದು ಗೊತ್ತಾಗುತ್ತದೆ. ಚರ್ಚಿನಲ್ಲಿ ಕೊನೆಯ ಬೆಂಚಿನ ಹಿಂದೆ ನಿಂತೇ ಇರುತ್ತಾನೆ. ಊಟದ ಮೇಜಿನಲ್ಲಿ ಒಂದು ತುತ್ತಿಗೂ ಇನ್ನೊಂದು ತುತ್ತಿಗೂ ನಡುವೆ ಹೋಗಿ ಅಂಗಳದ ನಲ್ಲಿ ಸರಿಯಾಗಿ ನಿಲ್ಲಿಸಿದೆಯೇ ಎಂದು ನೋಡಿ ಬರುತ್ತಾನೆ.

ಕೆಲಸವೂ ಅಂಥದ್ದೇ ಸಿಕ್ಕಿತ್ತು. ಉತ್ತರದ ಮಣ್ಣು ರಸ್ತೆಗಳಲ್ಲಿ ಗ್ರೇಡರ್ ಓಡಿಸುವುದು. ಲಾರಿಗಳು ಓಡಾಡಿ ಓಡಾಡಿ ರಸ್ತೆ ತಗಡಿನ ಶೀಟಿನ ಹಾಗೆ ಅಲೆಅಲೆಯಾಗಿರುತ್ತದೆ. ಗ್ರೇಡರಿನ ಅಲಗು ಇಳಿಸಿ ಅದನ್ನು ಹೆರೆದು ಸಮ ಮಾಡಬೇಕು. ಕೊನೆ ಮುಟ್ಟುವ ಹೊತ್ತಿಗೆ ಆರಂಭದಲ್ಲಿ ಮತ್ತೆ ಅಲೆ ಎದ್ದಿರುತ್ತದೆ. ಬೇರೆಯವರು ಇದನ್ನು ಶಿಕ್ಷೆ ಎಂದುಕೊಂಡರು. ಲಿಂಡ್ಸೆಗೆ ಮಾತ್ರ ಹಿಡಿಸಿತು, ಏಕೆಂದರೆ ಅದು ಮುಗಿಯುವ ಕೆಲಸವಲ್ಲ. ನಲವತ್ತು ವರ್ಷ ತಿಂಗಳಿಗೆ ಮೂರು ವಾರ ಧೂಳಿನಲ್ಲಿ, ಒಂದು ವಾರ ಮನೆಯಲ್ಲಿ. ಆಮೇಲೆ ಇಲಾಖೆಯವರು ಕೇಕ್ ಕತ್ತರಿಸಿ, ಕೈ ಕುಲುಕಿ, ಗ್ರೇಡರಿನ ಕೀ ಇಸಿದುಕೊಂಡರು.

ವೃತ್ತಿ ಮುಗಿದವರು ವೃತ್ತ ಹಾಕುವುದು ನಮ್ಮ ಆಸ್ಟ್ರೇಲಿಯಾದ ರೂಢಿ. ಗಾಡಿಯ ಹಿಂದೆ ಚಕ್ರದ ಮನೆಯಂಥ ಕ್ಯಾರವಾನ್ ಕಟ್ಟಿಕೊಂಡು ಇಡೀ ಖಂಡವನ್ನು ಒಂದು ಸುತ್ತು ಬರುತ್ತಾರೆ. ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋದರೂ ನಮ್ಮೂರಿನ ಸೇತುವೆ ದಾಟದೆ ವಿಧಿಯಿಲ್ಲ. ಚಳಿಗಾಲ ಬಂತೆಂದರೆ ಸೇತುವೆಯ ಮೇಲೆ ಕ್ಯಾರವಾನುಗಳ ದಿಬ್ಬಣ. ಲಿಂಡ್ಸೆ ಬೆಳಿಗ್ಗೆ ಎದ್ದು ಸೇತುವೆಯ ತುದಿಗೆ ಹೋಗಿ ನಿಂತು, ಯಾರ ಗಾಡಿಯ ಟೈರಿನಲ್ಲಿ ಗಾಳಿ ಕಡಿಮೆಯಿದೆ ಎಂದು ಕೂಗಿ ಹೇಳಿ, ಮನೆಗೆ ಬಂದು, ಮಧ್ಯಾಹ್ನ ಮತ್ತೆ ಹೋಗುತ್ತಿದ್ದ.

ಅವನಿಗೂ ಸುತ್ತು ಹೊರಡಬೇಕು. ತೊಡಕು ಒಂದೇ. ಹೆಂಡತಿ ಏವಿಸ್ ಬರಲೊಲ್ಲೆ ಎನ್ನುತ್ತಿದ್ದಳು.

ಏವಿಸ್‌ಗೆ ಊರಿನಲ್ಲಿ ಬೌಲ್ಸ್ ಕ್ಲಬ್ಬು ಇದೆ. ಕತ್ತರಿಸಿದ ಹುಲ್ಲಂಗಳದ ಮೇಲೆ ಬಿಳಿ ಉಡುಪಿನಲ್ಲಿ ಚೆಂಡು ಉರುಳಿಸುವ ಆಟ. ಭಾನುವಾರ ಚರ್ಚಿನ ಆರ್ಗನ್ ಅವಳದೇ. ಗಂಡನಿಲ್ಲದ ಮೂರು ವಾರಗಳನ್ನು ನಲವತ್ತು ವರ್ಷ ತುಂಬಿಸಿ ತುಂಬಿಸಿ, ಅವಳ ಬದುಕಿನಲ್ಲಿ ಖಾಲಿ ಜಾಗವೇ ಉಳಿದಿರಲಿಲ್ಲ.

"ನೀನು ಹೋಗ್ಬಾ," ಎಂದಳು. "ನೀನಿಲ್ದೇ ಇರೋದು ನಂಗೇನು ಹೊಸದಾ?"

ಅವನು ಹೋದ. ಪಶ್ಚಿಮಕ್ಕೆ ಸೆಡೂನಾವರೆಗೆ ಒಬ್ಬನೇ ಹೋದ. ದಿಬ್ಬ ಹತ್ತಿ ಇಳಿಯುವಾಗ ಸಮುದ್ರ ಒಮ್ಮೆಲೇ ನೀಲಿಯಾಗಿ ಎದ್ದಿತು. ಹೇಳೋಣವೆಂದು ಎಡಕ್ಕೆ ತಿರುಗಿದ. ಸೀಟಿನ ಮೇಲೆ ಅರ್ಧ ತಿಂದ ಮಾಂಸದ ಪೈ ಇತ್ತು. ಅಲ್ಲಿಂದಲೇ ಗಾಡಿ ತಿರುಗಿಸಿಕೊಂಡು ಬಂದ. ಏವಿಸ್ ಕೇಳಿದ್ದಕ್ಕೆ "ಗಾಳಿ ಜಾಸ್ತಿ ಇತ್ತು" ಎಂದ. ಅವಳು ಅವನ ಮುಖವನ್ನು ನೋಡಿದಳು. ಆಮೇಲೆ ಬಹಳ ದಿನ ಯೋಚಿಸಿ ಒಂದು ಮಾತು ಹೇಳಿದಳು.

"ಒಂದ್ಸಲ ಬರ್ತೀನಿ. ಮೊದ್ಲು ಇಲ್ಲೇ ಗುಡ್ಡದಾಚೆ ಮೆಲ್ರೋಸ್‌ಗೆ ಹೋಗಿ ಎರಡು ರಾತ್ರಿ ಇದ್ದು ಬರೋಣ, ಪರೀಕ್ಷೆಗೆ. ಎಲ್ಲಾ ಸರಿಯಾದ್ರೆ ಸುತ್ತಿಗೆ ಬರ್ತೀನಿ. ಆದ್ರೆ ನಡುದಾರೀಲಿ ಗಾಡಿ ಕೈ ಕೊಡ್ತೋ, ಮೊದ್ಲು ಸಿಕ್ಕಿದ ಬಸ್ ಹತ್ತಿ ಹೊರಟೆ. ಆಮೇಲೆ ಸಾಯೋವರ್ಗೂ ಈ ಮಾತು ಎತ್ತಬಾರ್ದು."

"ಕೈ ಕೊಡಲ್ಲ ಕಣೇ."

"ಹೋದ್ಸಲಾನೂ ಇದನ್ನೇ ಅಂದಿದ್ದೆ."

ಹೋದ ಸಲ ಎಂದರೆ ಮಗಳು ಹೊಟ್ಟೆಯಲ್ಲಿದ್ದಾಗ. ಮರುಭೂಮಿಯ ವಿಲಿಯಂ ಕ್ರೀಕ್ ದಾರಿಯಲ್ಲಿ ಕೆಟ್ಟು ನಿಂತ ಗಾಡಿಯೊಳಗೆ ಎರಡು ಹಗಲು ಅವಳು ನೊಣ ಓಡಿಸಿಕೊಂಡು ಕೂತಿದ್ದಳು. ಆ ಮಗಳಿಗೆ ಈಗ ಮಕ್ಕಳಾಗಿವೆ. ನೊಣ ಮಾತ್ರ ಇನ್ನೂ ಹಾರುತ್ತಿದೆ.

ಹೀಗಾಗಿ ಲಿಂಡ್ಸೆಗೆ ಗಾಡಿಯ ಆರೋಗ್ಯ ಎಂದರೆ ಸಂಸಾರದ ಆರೋಗ್ಯ. ಅವನು ಕೊಂಡದ್ದು ಹಿಂದೆ ತೊಟ್ಟಿಯಿರುವ ಹಳೆಯ ಡೀಸೆಲ್ ಯೂಟ್. ಅದನ್ನು ರೈಲು ಹಳಿಯಾಚೆ ಗ್ಯಾರೇಜ್ ಇಟ್ಟಿರುವ ಕಾನ್ ಹಾಲ್ಕಿಟಿಸ್ ಬಳಿ ಒಯ್ದ. ಕಾನ್ ಗ್ರೀಕರವನು. ಅಪ್ಪನ ಕಾಲದಲ್ಲಿ ಅದು ಮೀನಿನಂಗಡಿಯಾಗಿತ್ತು. ಬೋರ್ಡಿನ ಮೇಲಿನ ಮೀನನ್ನು ಅವನು ಇನ್ನೂ ಅಳಿಸಿಲ್ಲ.

"ಇದ್ಕೊಂದು ಡಬ್ಬಿ ಹಾಕ್ಸು ಮಾರಾಯಾ," ಎಂದ ಕಾನ್.

ಡಬ್ಬಿಯ ವಿಷಯ ಇಷ್ಟೇ. ಎಂಜಿನ್ ಉರಿಯುವಾಗ ಪಿಸ್ಟನ್ನಿನ ಪಕ್ಕದಿಂದ ಸ್ವಲ್ಪ ಬಿಸಿಗಾಳಿ ನುಸುಳಿ ಕೆಳಗಿನ ಹೊಟ್ಟೆಗೆ ಇಳಿಯುತ್ತದೆ. ಅಲ್ಲಿ ಎಣ್ಣೆಯ ಆವಿಯನ್ನು ಬೆರೆಸಿಕೊಂಡು ತೇಗಿನ ಹಾಗೆ ಮೇಲೆ ಬರುತ್ತದೆ. ಹಳೇ ಕಾಲದ ಗಾಡಿಗಳು ಅದನ್ನು ನಡುಬೀದಿಯಲ್ಲೇ ತೇಗಿಬಿಡುತ್ತಿದ್ದವು. ಈಗ ಬೀದಿಯಲ್ಲಿ ತೇಗಬಾರದೆಂದು ಕಾನೂನು. ಅದಕ್ಕೆ ಒಂದು ಕೊಳವೆ ಇಟ್ಟು, ತೇಗನ್ನು ಎಂಜಿನ್ ಉಸಿರೆಳೆಯುವ ದಾರಿಗೇ ತಿರುಗಿಸಿದ್ದಾರೆ. ತೇಗಿದ್ದನ್ನೇ ನುಂಗಿಕೋ ಎಂದು ಹೇಳಿದ ಹಾಗೆ. ಆ ದಾರಿಗೆ ಹೊಗೆಯ ಮಸಿಯೂ ಬರುತ್ತದೆ. ಎಣ್ಣೆಗೆ ಮಸಿ ಸೇರಿದರೆ ಡಾಂಬರು. ಆಯುಷ್ಯವೆಲ್ಲ ಡಾಂಬರು ಕಾಣದ ರಸ್ತೆಯಲ್ಲಿ ಕಳೆದವನಿಗೆ ಗಾಡಿಯ ಮೂಗಿನೊಳಗೆ ಹೆದ್ದಾರಿ ಹಾಕಿಕೊಂಡು ಓಡಾಡುವ ಯೋಗ ಬರಬಾರದಲ್ಲ? ಅದಕ್ಕೇ ಕೊಳವೆಯ ನಡುವೆ ಒಂದು ಡಬ್ಬಿ. ಅದರೊಳಗೆ ಒಂದು ಜಾಳಿಗೆ. ಗಾಳಿ ದಾಟಿ ಹೋಗುತ್ತದೆ, ಎಣ್ಣೆ ಹನಿಯಾಗಿ ಕೆಳಗೆ ಕೂರುತ್ತದೆ. ಆಗಾಗ ನಲ್ಲಿ ತಿರುಗಿಸಿ ಅದನ್ನು ಬಸಿಯಬೇಕು.

"ಆಗಾಗ ಅಂದ್ರೆ?" ಲಿಂಡ್ಸೆ ಕೇಳಿದ.

"ನಿಂಗೆ ಹೇಳ್ಕೊಡ್ಬೇಕಾ? ಸುಮ್ನೆ ಕೂರಕ್ಕಾಗ್ದೇ ಇದ್ದಾಗೆಲ್ಲ ಬಸಿ."

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಕೆಡಿಸಿದ್ದು ಗುರುವಾರ.

ನಮ್ಮೂರಿನಲ್ಲಿ ಗಂಡಸರ ಶೆಡ್ಡು ಎಂದೊಂದು ಇದೆ. ನಿವೃತ್ತರು ಹೆಂಡತಿಯ ಕಾಲಿಗೆ ಅಡ್ಡ ಸಿಗದಿರಲೆಂದು ಹೆಂಡತಿಯರೇ ಚಂದಾ ಎತ್ತಿ ಕಟ್ಟಿಸಿದ್ದು. ಗುರುವಾರ ಮಧ್ಯಾಹ್ನ ಅಲ್ಲಿ ಸಾಸೇಜು ಸುಡುತ್ತಾರೆ. ಯಾವಾಗಿನಿಂದಲೋ ಅಲ್ಲಿ ಒಂದು ಪದ್ಧತಿ ಬೆಳೆದಿತ್ತು. ಡೀಸೆಲ್ ಗಾಡಿಯವರು ತಮ್ಮ ತಮ್ಮ ಡಬ್ಬಿಯಿಂದ ಅಂದು ಬೆಳಿಗ್ಗೆ ಒಂದೇ ಸಲಕ್ಕೆ ಬಸಿದ ಎಣ್ಣೆಯನ್ನು, ಬ್ರೆಡ್ಡಿಗೆ ಹಚ್ಚುವ ವೆಜಿಮೈಟಿನ ತೊಳೆದ ಸೀಸೆಗೆ ಹಾಕಿ ತಂದು ಮೇಜಿನ ಮೇಲೆ ಸಾಲಾಗಿ ಇಡುವುದು. ಮೀನು ಹಿಡಿದವರು ಉದ್ದ ಹೇಳಿಕೊಂಡ ಹಾಗೆ ಇವರು ಎಣ್ಣೆಯ ಮಟ್ಟ ಹೇಳಿಕೊಳ್ಳುತ್ತಾರೆ. ಯಾರ ಸೀಸೆ ಹೆಚ್ಚು ತುಂಬಿದೆಯೋ ಅವನ ಡಬ್ಬಿ ಶ್ರೇಷ್ಠ, ಅವನಿಗೆ ಮೊದಲ ಸಾಸೇಜು. ಒಂದು ಕೈಯಲ್ಲಿ ಗಾಡಿಯ ಎಣ್ಣೆ, ಇನ್ನೊಂದು ಕೈಯಲ್ಲಿ ಕುಡಿಯುವ ಎಣ್ಣೆ, ಬಿಯರು. ಎರಡೂ ಕಂದು, ಎರಡರ ಮೇಲೂ ನೊರೆ.

ಲಿಂಡ್ಸೆ ಸೀಸೆ ಇಡಲು ಶುರು ಮಾಡಿದ ದಿನದಿಂದ ಉಳಿದವರು ಎರಡನೇ ಸಾಸೇಜಿಗೆ ಕೂತರು. ಬೇರೆಯವರ ಸೀಸೆಯ ತಳ ಒದ್ದೆಯಾಗಿದ್ದರೆ ಇವನದು ಅರ್ಧ. ಗ್ರೇಮ್ ಟ್ರೆಂಬಾತ್ ಎಂಬ ನಿವೃತ್ತ ರೈಲು ಚಾಲಕನಿಗೆ ಇದನ್ನು ಸಹಿಸಲಾಗಲಿಲ್ಲ. ಅವನದು ಹೊಸ ಗಾಡಿ, ಜರ್ಮನಿಯ ಡಬ್ಬಿ.

"ಏನ್ ಲಿಂಡ್ಸೆ, ಅಡುಗೆಮನೆಯಿಂದ ತುಂಬ್ಕೊಂಡ್ ಬರ್ತೀಯೇನಯ್ಯಾ?"

"ನಿಂದು ಜರ್ಮನ್ ಅಲ್ವಾ, ಅದ್ಕೇ ಲೆಕ್ಕ ಹಾಕಿ ಹಿಡಿಯುತ್ತೆ," ಎಂದ ಲಿಂಡ್ಸೆ. "ನಮ್ಮಜ್ಜನೂ ಜರ್ಮನ್ನೇ. ಜಿಪುಣ."

"ಮುಂದಿನ ಗುರುವಾರ ನೋಡ್ಕೋತೀನಿ ಬಿಡು. ಡಾರ್ವಿನ್ನಿಗೆ ಹೋಗ್ಬಂದ ಭಾವನ ಡಬ್ಬೀದೂ ಸೇರಿಸ್ಕೊಂಡ್ ಬರ್ತೀನಿ."

ಅಂದು ಸಾಸೇಜು ತಿನ್ನಲು ಬಂದಿದ್ದ ಕಾನ್, ಲಿಂಡ್ಸೆಯ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ. "ಇಷ್ಟು ಬರಬಾರ್ದು ಕಣೋ. ಒಂದ್ಸಲ ಗಾಡಿ ತಗೊಂಡ್ ಬಾ, ನೋಡ್ತೀನಿ."

"ಡಬ್ಬಿ ಚೆನ್ನಾಗಿದೆ, ಅದಕ್ಕೆ ಬರ್ತಿದೆ. ನೀನೇ ಹಾಕಿದ್ದಲ್ವಾ? ನಿನ್ ಕೆಲ್ಸ ಹೊಗಳಿದ್ರೂ ಕಷ್ಟ ನಿಂಗೆ."

ಮೆಲ್ರೋಸ್ ಪ್ರಯಾಣ ಭಾನುವಾರ ಚರ್ಚು ಮುಗಿದ ಮೇಲೆ ಎಂದು ಗೊತ್ತಾಗಿತ್ತು. ಮರಳುವುದು ಮಂಗಳವಾರ. ಹೊರಡುವ ಬೆಳಿಗ್ಗೆ ಲಿಂಡ್ಸೆ ಟೈರು ನೋಡಿದ, ನೀರು ನೋಡಿದ, ಕ್ಯಾರವಾನಿನ ಕೊಂಡಿ ಅಲ್ಲಾಡಿಸಿ ನೋಡಿದ. ಡಬ್ಬಿಯ ನಲ್ಲಿಗೆ ಕೈ ಹಾಕಿದ. ಗ್ರೇಮನ ಭಾವ ನೆನಪಾದ. ಕೈ ಹಿಂದೆ ತೆಗೆದ.

ಊರು ದಾಟಿ ಬಯಲು ಮುಗಿಯುವವರೆಗೆ ಯೂಟ್ ಸಾಧುವಾಗಿ ಓಡಿತು. ಏವಿಸ್ ಮಡಿಲಲ್ಲಿ ಥರ್ಮಾಸು ಇಟ್ಟುಕೊಂಡು ಕೂತಿದ್ದಳು. ಲಿಂಡ್ಸೆ ಎಡಗಡೆ ಕಂಡದ್ದನ್ನೆಲ್ಲ ಹೇಳುತ್ತಿದ್ದ.

"ಅಲ್ನೋಡು, ಎಮು."

"ಎಮು ನೋಡಿದೀನಿ ಲಿಂಡ್ಸೆ. ನಾನೂ ಇದೇ ದೇಶದವಳು."

ಹಾರಕ್ಸ್ ಪಾಸ್ ಎಂಬ ಘಟ್ಟದ ಏರು ಶುರುವಾಯಿತು. ಎರಡೂ ಕಡೆ ಗುಡ್ಡ, ನಡುವೆ ಹಾವಿನಂಥ ದಾರಿ. ಹಿಂದೆ ಕ್ಯಾರವಾನಿನ ಭಾರ. ಮೂರನೇ ಗೇರು, ಎರಡನೇ ಗೇರು. ಎಂಜಿನ್ ಏದುಸಿರು ಬಿಡುತ್ತಿತ್ತು. ಹೊಟ್ಟೆಯ ತೇಗು ಬಯಲಿನಲ್ಲಿ ಬಂದದ್ದಕ್ಕಿಂತ ಹಲವು ಪಟ್ಟು ಜೋರಾಗಿ ಬಂದು, ತುಂಬಿ ತುಳುಕುತ್ತಿದ್ದ ಡಬ್ಬಿಗೆ ಹೊಡೆಯಿತು. ಡಬ್ಬಿಯಲ್ಲಿ ಜಾಗವಿರಲಿಲ್ಲ. ಅಷ್ಟು ದಿನ ಹಿಡಿದಿಟ್ಟದ್ದನ್ನೆಲ್ಲ ಅದು ಒಂದೇ ಸಲಕ್ಕೆ ಎಂಜಿನ್ನಿನ ಮೂಗಿಗೆ ಸುರಿಯಿತು.

ಡೀಸೆಲ್ ಎಂಜಿನ್ನಿಗೆ ಜಾತಿಭೇದ ಇಲ್ಲ. ಡೀಸೆಲ್ ಕೊಟ್ಟರೂ ಉರಿಯುತ್ತದೆ, ತನ್ನದೇ ಎಣ್ಣೆ ಕೊಟ್ಟರೂ ಉರಿಯುತ್ತದೆ. ಲಿಂಡ್ಸೆ ಕಾಲು ಒತ್ತದೆಯೇ ಯೂಟ್ ಕೂಗಲು ಹಿಡಿಯಿತು. ಅವನು ಕಾಲು ತೆಗೆದ. ಕೂಗು ಏರಿತು. ಹಿಂದಿನ ಕನ್ನಡಿಯಲ್ಲಿ ರಸ್ತೆ ಇರಲಿಲ್ಲ, ಬಿಳಿ ಮೋಡ ಇತ್ತು. ದಾರಿ ಅಗಲವಾದ ಕಡೆ ಪಕ್ಕಕ್ಕೆಳೆದು, ಗೇರು ಬಿಡಿಸಿ, ಬ್ರೇಕು ಒತ್ತಿ ಕೀ ತಿರುಗಿಸಿದ. ಎಂಜಿನ್ ಇನ್ನಷ್ಟು ಜೋರಾಗಿ ಕಿರುಚಿತು.

"ನಿಲ್ಸು!" ಎಂದಳು ಏವಿಸ್.

"ನಿಲ್ಸಿದೀನಿ!"

"ನಿಲ್ಸಿದ್ರೆ ಯಾಕೆ ಬಡ್ಕೊತಿದೆ?"

"ಕೀ ಇಲ್ನೋಡು, ನನ್ ಕೈಲಿದೆ!"

ಏವಿಸ್ ಕೀ ನೋಡಿದಳು. ನಡುಗುತ್ತಿದ್ದ ಬಾನೆಟ್ ನೋಡಿದಳು. ಗಂಡನ ಮುಖ ನೋಡಿದಳು.

"ನಿನ್ ಕೀನೂ ಇಲಾಖೆಯವ್ರು ಕಿತ್ಕೊಂಡು ವರ್ಷ ಆಯ್ತು," ಎಂದಳು. "ನೀನೆಲ್ಲಿ ನಿಂತೆ?"

ನಲವತ್ತು ವರ್ಷದ ಅಭ್ಯಾಸ ಅವನ ಕಾಲಿನಲ್ಲಿತ್ತು. ಕ್ಲಚ್ಚು ಒತ್ತಿ ಗೇರನ್ನು ಕಟ್ಟಕಡೆಯದಕ್ಕೆ ತಳ್ಳಿ, ಬ್ರೇಕಿನ ಮೇಲೆ ಎದ್ದು ನಿಂತ ಹಾಗೆ ಒತ್ತಿ, ಕ್ಲಚ್ಚನ್ನು ಒಮ್ಮೆಗೇ ಬಿಟ್ಟ. ಯೂಟ್ ಒದ್ದಾಡಿ, ಕೆಮ್ಮಿ, ಸತ್ತ ಹಾಗೆ ಸುಮ್ಮನಾಯಿತು. ಕಣಿವೆಯ ಗಲಾ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಬೈಯುತ್ತ ಹಾರಿಹೋದವು.

ಬಾನೆಟ್ ಎತ್ತಿದರೆ ಡಬ್ಬಿಯ ಕೊಳವೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಇದೇನಾ ಕಾನ್ ಹಾಕಿದ ಡಬ್ಬಿ?"

"ಹೂಂ."

"ಏನಾಗಿದೆ?"

"ತುಂಬಿತ್ತು."

"ಖಾಲಿ ಮಾಡೋದಲ್ವಾ ಅದು?"

"ಮಾಡೋದೇ."

"ಮತ್ತೆ?"

ಲಿಂಡ್ಸೆ ಗುಡ್ಡ ನೋಡಿದ. ಪಾಪ ಒಪ್ಪಿಕೊಳ್ಳಲು ಪಾದ್ರಿಯ ಕಿಟಕಿಯ ಮುಂದೆ ಮಂಡಿಯೂರಿದವನ ದನಿಯಲ್ಲಿ ಹೇಳಿದ: "ಗುರುವಾರಕ್ಕೆ ಅಂತ ಇಟ್ಕೊಂಡಿದ್ದೆ."

ಏವಿಸ್ ಗಾಡಿಯ ಬಾಗಿಲು ತೆರೆದು ಥರ್ಮಾಸನ್ನು ಸೀಟಿನ ಮೇಲಿಟ್ಟಳು. ಅವನಿಗೆ ತಡೆಯಲಾಗಲಿಲ್ಲ.

"ಕೈ ಕೊಟ್ರೆ ಅಂತ ತಾನೇ ನೀನಂದಿದ್ದು? ಇದು ನಿಲ್ಲಲೇ ಇಲ್ವಲ್ಲ. ಒಂಥರಾ ನೋಡಿದ್ರೆ…"

"ಯಾವ ಥರಾನೂ ನೋಡ್ಬೇಡ," ಎಂದು ಏವಿಸ್ ಕೈಚೀಲ ತೆಗೆದುಕೊಂಡಳು.

ಅಷ್ಟರಲ್ಲಿ ಕೆಳಗಿನಿಂದ ಒಂದು ಬಸ್ಸು ಮೋಡ ಸೀಳಿಕೊಂಡು ಏರಿ ಬಂತು. ಒಳಗೆಲ್ಲ ಬಿಳಿ ಉಡುಪಿನ ಹೆಂಗಸರು. ವಯಾಲಾದ ಬೌಲ್ಸ್ ತಂಡ, ಒರೋರೂ ಊರಿನ ಪಂದ್ಯಕ್ಕೆ ಹೊರಟಿತ್ತು. ಚಾಲಕ ಕಿಟಕಿಯಿಂದ ತಲೆ ಹಾಕಿದ.

"ಏನ್ ಯಜಮಾನ್ರೇ, ಹೊಸ ಪೋಪ್ ಆಯ್ಕೆ ಆದ್ರಾ? ಬಿಳೀ ಹೊಗೆ ಬಯಲವರ್ಗೂ ಬಂದಿದೆ!"

ಮುಂದಿನ ಸೀಟಿನಲ್ಲಿದ್ದ ಡಲ್ಸಿ ಎಂಬ ದಪ್ಪ ಹೆಂಗಸು ತಂಡದ ನಾಯಕಿ. ಏವಿಸ್‌ಗೆ ಎದುರಾಳಿಯಾಗಿ ಹಳೆಯ ಪರಿಚಯ.

"ಏವಿಸ್! ದೇವ್ರೇ ಕಳ್ಸಿದ ನಿನ್ನ. ನಮ್ ಐರಿಸ್ ಸೊಂಟ ಹಿಡ್ಕೊಂಡು ಮಲಗಿದಾಳೆ, ಒಬ್ಳು ಕಮ್ಮಿ. ಬರ್ತೀಯಾ?"

ಏವಿಸ್ ಬಸ್ಸಿನ ಮೆಟ್ಟಿಲೇರಿದಳು.

"ಏವಿಸ್, ಅದು ಮನೆ ಕಡೆ ಹೋಗೋ ಬಸ್ಸಲ್ಲ ಕಣೇ!"

"ಗೊತ್ತು," ಎಂದಳು. ಬಾಗಿಲು ಮುಚ್ಚಿತು.

ಕಾನ್ ಕೆಟ್ಟ ಗಾಡಿ ಎಳೆಯುವ ಲಾರಿ ತಂದ. ದಾರಿಯುದ್ದಕ್ಕೂ ಅವನು ಒಂದೇ ಒಂದು ಮಾತಾಡಲಿಲ್ಲ. ಗ್ರೀಕನೊಬ್ಬ ಅಷ್ಟು ಹೊತ್ತು ಸುಮ್ಮನಿದ್ದಾನೆಂದರೆ ವಿಷಯ ಗಂಭೀರ. ಎಂಜಿನ್ ಬಿಚ್ಚಿದ ಮೇಲೆ ಮಾತಾಡಿದ.

"ಪಿಸ್ಟನ್ ಉಂಗುರ ಸವೆದು ಹೋಗಿದೆ. ಅದ್ಕೇ ಗಾಳಿ ಅಷ್ಟು ನುಸುಳ್ತಿತ್ತು, ಎಣ್ಣೆ ಅಷ್ಟು ಬರ್ತಿತ್ತು. ನಿನ್ ಗಾಡಿ ರಕ್ತ ಕಾರ್ತಿದ್ರೆ, ನೀನದನ್ನ ಸೀಸೆಯಲ್ಲಿ ಹಿಡಿದು ಮೆರವಣಿಗೆ ಮಾಡ್ಕೊಂಡ್ ಬಂದ್ಯಲ್ಲೋ! ಅದ್ಕೆ ಸಾಸೇಜು ಬೇರೆ!"

"ಉಂಗುರ ಹಾಕಿದ್ರೆ ಸರಿಹೋಗುತ್ತಾ?"

"ಗಾಡೀದು ಸರಿಹೋಗುತ್ತೆ. ಮನೇದು ಗೊತ್ತಿಲ್ಲ."

ಉಸಿರೆಳೆಯುವ ದಾರಿಯನ್ನು ಬಿಚ್ಚಿ ತೋರಿಸಿದ. ಡಬ್ಬಿ ಹಾಕುವ ಮುಂಚಿನ ವರ್ಷಗಳ ಡಾಂಬರು ಒಳಗೆ ಕೂತು, ಮುಷ್ಟಿ ಹಿಡಿಸುವ ಕೊಳವೆಯಲ್ಲಿ ಬೆರಳು ತೂರುವಷ್ಟು ಜಾಗ ಉಳಿದಿತ್ತು. "ಉಂಗುರ ನಾನು ಹಾಕ್ತೀನಿ. ಇದನ್ನ ನೀನು ಹೆರಿ. ಒಂದು ಚೂರು ಉಳಿದ್ರೂ ಎಂಜಿನ್ ನುಂಗುತ್ತೆ. ಅವಸರ ಮಾಡ್ದೆ ಅಂದ್ರೆ ಗಾಡಿ ತಗೊಂಡು ಬೇರೆ ಕಡೆ ಹೋಗು."

ಲಿಂಡ್ಸೆ ಸೀಮೆಎಣ್ಣೆಯ ತಟ್ಟೆ ಮುಂದಿಟ್ಟುಕೊಂಡು ಮರದ ಪೆಟ್ಟಿಗೆಯ ಮೇಲೆ ಕೂತ. ಮೊದಲ ದಿನ ಹತ್ತು ಸಲ ಎದ್ದು ಹೋಗಿ ಫೋನು ನೋಡಿ ಬಂದ. ಖಂಡದ ಮೈಮೇಲೆ ಸಾವಿರಾರು ಮೈಲಿ ಹೆರೆದವನಿಗೆ ಒಂದು ಗೇಣಿನ ಕೊಳವೆ ಹೆರೆಯಲು ಬರಲಿಲ್ಲ. ಗ್ರೇಡರಿನಲ್ಲಿ ಹೆರೆದರೆ ಮುಂದಕ್ಕೆ ಹೋಗುತ್ತೇವೆ. ಇಲ್ಲಿ ಎಷ್ಟು ಹೆರೆದರೂ ಕೂತಲ್ಲೇ. ಎರಡನೇ ದಿನ ಏಳುವುದು ಸ್ವಲ್ಪ ಕಡಿಮೆಯಾಯಿತು. ಗುರುವಾರ ಶೆಡ್ಡಿನಿಂದ ಗ್ರೇಮ್ ಬಂದು "ಭಾವನ ಸೀಸೆ ತಂದಿದೀನಿ ಕಣಯ್ಯಾ, ನಿಂದೆಲ್ಲಿ?" ಎಂದು ಕೆಣಕಿದರೆ, ಇವನು ತಲೆಯೆತ್ತದೆ "ಭಾವಂಗೆ ಹೇಳು, ಗಾಡೀನ ಡಾಕ್ಟ್ರಿಗೆ ತೋರಿಸ್ಲಿ ಅಂತ" ಎಂದ.

ಏವಿಸ್ ಮಂಗಳವಾರ ಬರಲಿಲ್ಲ, ಗುರುವಾರವೂ ಬರಲಿಲ್ಲ. ಶುಕ್ರವಾರ ಫೋನು ಬಂತು. ಒರೋರೂವಿನಲ್ಲಿ ಗೆದ್ದಿದ್ದರು. ಈಗ ಮುಂದಿನ ಪಂದ್ಯಕ್ಕೆ ಜೇಮ್ಸ್‌ಟೌನಿನಲ್ಲಿ ಇದ್ದಳು. ಐರಿಸಳ ಸೊಂಟ ಇನ್ನೂ ಹಾಗೆಯೇ ಇತ್ತಂತೆ.

"ಊಟ?" ಲಿಂಡ್ಸೆ ಕೇಳಿದ.

"ಕ್ವಾಂಡಾಂಗ್ ಹಣ್ಣಿನ ಪೈ ಮಾಡಿದ್ರು. ಲಿಂಡ್ಸೆ, ನಿನ್ನೆ ಸಂಜೆ ಗೋಧಿ ಹೊಲದ ಮೇಲೆ ಬೆಳಕು ಬಿದ್ದಿತ್ತು ನೋಡು… ಡಲ್ಸಿಗೆ ತೋರಿಸ್ದೆ. ಅವಳು 'ಹೂಂ, ಗೋಧಿ' ಅಂದ್ಳು."



"ಗಾಳಿ ಜಾಸ್ತಿ ಇತ್ತಾ?" ಎಂದ ಲಿಂಡ್ಸೆ.

"ಇತ್ತು," ಎಂದು ಅವಳು ಫೋನು ಇಟ್ಟಳು.

ಮುಂದಿನ ವಾರ ಅವಳು ಬಂದಿಳಿದವಳು ಮನೆಗೆ ಹೋಗದೆ ಮೀನಿನ ಬೋರ್ಡಿನ ಗ್ಯಾರೇಜಿಗೇ ಬಂದಳು. ಲಿಂಡ್ಸೆ ಪೆಟ್ಟಿಗೆಯ ಮೇಲೆ ಕೂತಿದ್ದ. ಕೊಳವೆ ಬೆಳ್ಳಗೆ ಹೊಳೆಯುತ್ತಿತ್ತು. ಮೂಲೆಯಲ್ಲಿ ಉಳಿದ ಒಂದಿಷ್ಟನ್ನು ಅವನು ಚಮಚದ ತುದಿಯಿಂದ ಕೆದಕುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಅವನು ಏಳಲಿಲ್ಲ.

"ಅದು ನನ್ನ ಸಕ್ಕರೆ ಚಮಚ," ಎಂದಳು.

ಅವನು ಬೆಚ್ಚಿ ಎದ್ದು ನಿಂತ. ಮೊಳಕೈವರೆಗೆ ಕಪ್ಪು.

"ಹೊಸದು ಕೊಡಿಸ್ತೀನಿ."

"ಎಷ್ಟು ದಿನದಿಂದ ಹಿಂಗೆ ಕೂತಿದೀಯಾ?"

"ನೀನು ಹೋದಾಗಿಂದ," ಎಂದು ಉತ್ತರಿಸಿದವನು ಕಾನ್, ಗಾಡಿಯ ಅಡಿಯಿಂದ.

ಲಿಂಡ್ಸೆ ಕೈ ಒರೆಸಿಕೊಂಡ. ಒರೆಸಿದ ಬಟ್ಟೆ ಕೈಗಿಂತ ಕಪ್ಪಾಗಿತ್ತು. "ಆ ಮಾತು ಎತ್ತಬಾರ್ದು ಅಂದಿದ್ದೆ. ಎತ್ತಲ್ಲ," ಎಂದ. ಎತ್ತದೆ ಅಲ್ಲೇ ನಿಂತ. ಸುಮ್ಮನೆ ನಿಲ್ಲುವುದು ಅವನಿಗೆ ಎಷ್ಟು ಕಷ್ಟ ಎಂದು ಏವಿಸ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನಾನು ಎತ್ತಬಹುದು," ಎಂದಳು. "ಬರ್ತೀನಿ. ಆದ್ರೆ ರಸ್ತೆ ನೋಡಕ್ಕಲ್ಲ. ಬೌಲ್ಸ್ ಆಡೋ ಹುಲ್ಲಂಗಳ ಇರೋ ಊರಲ್ಲೆಲ್ಲ ನಿಲ್ಲಬೇಕು. ಮೂರು ರಾತ್ರಿ."

"ಮೂರು?"

"ಮೂರು."

"ಏವಿಸ್, ಈ ದೇಶದಲ್ಲಿ ನೀರಿಲ್ಲದ ಊರಿದೆ, ಜನ ಇಲ್ಲದ ಊರಿದೆ. ಹುಲ್ಲಂಗಳ ಇಲ್ಲದ ಊರು ಎಲ್ಲಿದೆ ಹೇಳು?"

"ಗೊತ್ತು. ಮತ್ತೆ ಆ ಡಬ್ಬಿ, ನಿಂತ ಕಡೆಯೆಲ್ಲ ಖಾಲಿ ಆಗ್ಬೇಕು. ಯಾರಿಗೂ ತೋರಿಸ್ಬಾರ್ದು."

ಗಾಡಿಯ ಅಡಿಯಿಂದ ನಗು ಕೇಳಿಸಿತು. ಲಿಂಡ್ಸೆ ಕೊಳವೆ ನೋಡಿದ, ಹೊರಗೆ ಸೇತುವೆಯ ಕಡೆ ನೋಡಿದ. ಅಲ್ಲಿ ಕ್ಯಾರವಾನುಗಳು ಒಂದರ ಹಿಂದೊಂದು ಪಶ್ಚಿಮಕ್ಕೆ ಹೋಗುತ್ತಿದ್ದವು. ಗಂಟಲೊಳಗೆ ಏನೋ ಲೆಕ್ಕ ಹಾಕಿ, ಲೆಕ್ಕ ಮುಗಿಯದೆ, ತಲೆಯಾಡಿಸಿದ.

ಹೊಸ ಉಂಗುರ ಹೊಂದಿಕೊಳ್ಳಲು ಸ್ವಲ್ಪ ದಿನ ನಿಧಾನಕ್ಕೆ ಓಡಿಸಬೇಕು ಎಂದು ಕಾನ್ ಹೇಳಿ ಕಳಿಸಿದ. ಅವರು ಪಶ್ಚಿಮಕ್ಕೆ ಹೊರಟರು. ಲಿಂಡ್ಸೆಯ ಮನಸ್ಸಿನಲ್ಲಿ ಅಂದು ಸಂಜೆಗೆ ಸೆಡೂನಾ, ಮಾರನೆಯ ದಿನ ನಲ್ಲಾರ್ಬರ್ ಬಯಲು. ಮಧ್ಯಾಹ್ನದ ಚಹಾಕ್ಕೂ ಮುಂಚೆ ಕಿಂಬಾ ಎಂಬ ಗೋಧಿ ಊರು ಬಂತು. ರಸ್ತೆಯ ಪಕ್ಕ ಹಸಿರು ಬಟ್ಟೆ ಹಾಸಿದಂಥ ಹುಲ್ಲಂಗಳ, ಅದರ ಮೇಲೆ ನಾಲ್ಕು ಬಿಳಿ ಟೊಪ್ಪಿಗೆ.

"ನಿಲ್ಸು," ಎಂದಳು ಏವಿಸ್.

"ಇನ್ನೂ ಹೊರಟೇ ಇಲ್ವಲ್ಲೇ! ಎಂಜಿನ್ನಿನ ಮೈ ಕೂಡ ಬೆಚ್ಚಗಾಗಿಲ್ಲ!"

ಏವಿಸ್ ಆಗಲೇ ಸೀಟಿನ ಹಿಂದಿನಿಂದ ಚೆಂಡಿನ ಚೀಲ ಎಳೆದುಕೊಳ್ಳುತ್ತಿದ್ದಳು. ಊರಿನವರು ಹೆದ್ದಾರಿಯ ಬದಿಯಲ್ಲಿ ನೆಟ್ಟ ದೊಡ್ಡ ಬೋರ್ಡನ್ನು ಗದ್ದದಿಂದಲೇ ತೋರಿಸಿದಳು. ಆಸ್ಟ್ರೇಲಿಯಾ ದಾಟುವವರಿಗೆ ಇಲ್ಲಿಗೆ ಅರ್ಧ ದಾರಿ ಮುಗಿಯಿತು ಎಂದು ಅದರಲ್ಲಿ ಬರೆದಿತ್ತು.

"ಓದು. ಮೊದಲನೇ ದಿನಾನೇ ಅರ್ಧ ಮುಗ್ಸಿದೀವಿ. ಇನ್ನೇನು ಅವಸರ ನಿಂಗೆ?"

ಲಿಂಡ್ಸೆ ಬೋರ್ಡನ್ನು ಎರಡು ಸಲ ಓದಿದ. ಗಾಡಿಯನ್ನು ನೆರಳಿಗೆ ಎಳೆದ. ಅವಳು ಹುಲ್ಲಂಗಳದ ಬೇಲಿ ದಾಟಿ ಹೋದಳು. ಅವನು ಬೇಲಿಯ ಪಕ್ಕದ ಬೆಂಚಿನ ಬಳಿ ಬಂದು, ಅದರ ಸ್ಕ್ರೂಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿ, ಎಲ್ಲವೂ ಬಿಗಿಯಾಗಿರುವುದನ್ನು ಕಂಡು, ಬೇರೆ ದಾರಿ ಕಾಣದೆ ಕೂತ.